ಇಪ್ಪತ್ತೈದು ಮಂದಿಗೊಬ್ಬ ಶುಚಿವಂತ

ಒಂದು ಹೋಟೆಲ್‌ನಲ್ಲಿ ಇಪ್ಪತ್ತೈದು ಮಂದಿ ಕೆಲಸಕ್ಕಿದ್ದರೆ ಅವರಲ್ಲಿ ಒಬ್ಬನಿಗಾದರೂ ಕೈ ತೊಳೆಯಲು ಬರಬೇಕು. ಇದು ನನ್ನ ಮಾತಲ್ಲ, ಭಾರತ ಸರ್ಕಾರದ್ದು. ಬಿಸ್ಕತ್ತು ಪೊಟ್ಟಣದಿಂದ ಹಿಡಿದು ಮಿಲಿಟರಿ ಹೋಟೆಲಿನ ಬೋರ್ಡಿನವರೆಗೆ ಎಲ್ಲ ಕಡೆ ಹೆಸರು ಬರೆಸಿಕೊಂಡಿರುವ ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, 2017ರಲ್ಲಿ ಫಾಸ್ಟ್ಯಾಕ್ ಎಂಬ ತರಬೇತಿ ಯೋಜನೆ ತಂದಿತು. ಆಹಾರ ಮುಟ್ಟುವ ಪ್ರತಿ 25 ಮಂದಿಗೆ ತರಬೇತಿ ಪಡೆದು ಸರ್ಟಿಫಿಕೇಟು ಹಿಡಿದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕು ಎಂಬುದು ಅದರ ಲೆಕ್ಕ. ಉಳಿದ ಇಪ್ಪತ್ನಾಲ್ಕು ಮಂದಿಗೆ ಅವನೇ ಗುರು. ಅವನು ಕಲಿತದ್ದನ್ನು ಅವರಿಗೆ ಹೇಳಿಕೊಡುತ್ತಾನೆ, ಅವರು ಶ್ರದ್ಧೆಯಿಂದ ಕೇಳಿ ಉಗುರು ಕತ್ತರಿಸಿಕೊಳ್ಳುತ್ತಾರೆ, ನಾವು ನೆಮ್ಮದಿಯಿಂದ ಎರಡು ಇಡ್ಲಿ ಒಂದು ವಡೆ ತಿನ್ನುತ್ತೇವೆ. ದೆಹಲಿಯಲ್ಲಿ ಕೂತು ನೋಡಿದರೆ ಹೀಗೆಯೇ ಕಾಣುತ್ತದೆ.

ಪರಿಚಯದ ದರ್ಶಿನಿ ಮಾಲೀಕರೊಬ್ಬರನ್ನು, "ಫಾಸ್ಟ್ಯಾಕ್ ಮಾಡಿಸಿದೀರಾ?" ಎಂದು ಕೇಳಿದೆ.

"ಅಯ್ಯೋ, ಅದು ಬಂದಾಗಲೇ ಆಯ್ತಲ್ಲ ಸಾರ್. ಎರಡೂ ಕಾರಿಗೆ ಅಂಟಿಸಿದೀನಿ" ಎಂದರು.

ಅದಲ್ಲ, ಟೋಲ್ ಗೇಟಿನದ್ದಲ್ಲ, ಹೋಟೆಲಿನದ್ದು ಎಂದು ಬಿಡಿಸಿ ಹೇಳಿದ ಮೇಲೆ ಅವರ ಮುಖ ಅರಳಿತು. "ಓ, ಆ ಸರ್ಟಿಫಿಕೇಟಾ? ನಮ್ಮ ಭಾವಮೈದ ಮಾಡಿಕೊಂಡು ಬಂದಿದಾನೆ."

ಭಾವಮೈದನೇ ಏಕೆ ಎಂಬುದರಲ್ಲಿ ಒಂದು ಶುದ್ಧ ತರ್ಕವಿದೆ. ತರಬೇತಿ ಎಂದರೆ ಅರ್ಧ ದಿನವೋ ಒಂದು ದಿನವೋ ಆಳು ಕೈತಪ್ಪಿದ ಹಾಗೆ. ದೋಸೆ ಹಾಕುವ ಭಟ್ಟರನ್ನು ಕಳಿಸಿದರೆ ಕಾವಲಿ ತಣ್ಣಗಾಗುತ್ತದೆ. ಸಪ್ಲೈಯರ್‌ಗಳನ್ನು ಕಳಿಸಿದರೆ ಟೇಬಲ್ಲಿನವರು ಎದ್ದು ಹೋಗುತ್ತಾರೆ. ಕ್ಲೀನಿಂಗ್ ಹುಡುಗ ಹೋದರಂತೂ ಹತ್ತು ನಿಮಿಷದಲ್ಲಿ ಲೋಟಕ್ಕೆ ಬರಗಾಲ. ಆದ್ದರಿಂದ ಯಾರು ಹೋದರೆ ಅಡುಗೆಮನೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲವೋ ಅವನೇ ಯೋಗ್ಯ ಅಭ್ಯರ್ಥಿ. ಅಡುಗೆಮನೆಗೂ ತನಗೂ ಸಂಬಂಧವಿಲ್ಲದವನಿಗೆ ಮಾತ್ರ ಅಡುಗೆಮನೆಯ ಶುಚಿತ್ವದ ಸರ್ಟಿಫಿಕೇಟು ಸಿಗುವಂಥ ವ್ಯವಸ್ಥೆ ಹೀಗೆ ತಾನಾಗಿಯೇ ರೂಪುಗೊಂಡಿದೆ. ಯಾರೂ ಮೋಸ ಮಾಡಿಲ್ಲ. ಕಾನೂನಿಗೆ ಒಬ್ಬ ಬೇಕಿತ್ತು, ಒಬ್ಬ ಸಿಕ್ಕಿದ.

ತರಬೇತಿಯನ್ನು ಹಗುರವಾಗಿ ಕಾಣಬೇಡಿ. ಮೂಲ ಮಟ್ಟದ್ದು ನಾಲ್ಕು ಗಂಟೆ, ಮುಂದಿನ ಹಂತದ್ದು ಎಂಟು ಗಂಟೆ. ಒಂದು ಹಾಲ್, ಒಂದು ಪರದೆ, ಇಂಗ್ಲಿಷಿನ ಸ್ಲೈಡುಗಳು, ಕನ್ನಡದಲ್ಲಿ ಶುರು ಮಾಡಿ ಇಂಗ್ಲಿಷಿಗೆ ಜಾರುವ ತರಬೇತುದಾರರು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನದು ಅಪಾಯದ ವಲಯ ಎಂದು ಅವರು ಹೇಳುತ್ತಾರೆ. ಬ್ಯಾಕ್ಟೀರಿಯಾಗಳಿಗೆ ಆ ಹವೆ ಬಲು ಹಿತ, ಬೇಯಿಸಿದ್ದನ್ನು ಒಂದೋ ಬಿಸಿಯಾಗಿಡಿ ಇಲ್ಲವೇ ತಣ್ಣಗಿಡಿ, ನಡುವೆ ಮಾತ್ರ ಬಿಡಬೇಡಿ. ಇದು ನೂರಕ್ಕೆ ನೂರು ಸರಿಯಾದ ಮಾತು, ತೆಂಗಿನಕಾಯಿ ಚಟ್ನಿಯ ಪಾತ್ರೆಗಳ ಮೇಲೆಲ್ಲ ಕೆತ್ತಿಸಬೇಕಾದದ್ದು. ಸಭಿಕರು ತಲೆಯಾಡಿಸುತ್ತಾರೆ. ಅದೇ ಹೊತ್ತಿಗೆ ಹಾಲಿನ ಹಿಂಬದಿಯ ಮೇಜಿನ ಮೇಲೆ ಬೆಳಗ್ಗೆ ಹತ್ತಕ್ಕೇ ಬಂದಿಳಿದ ವಾಂಗೀಬಾತ್ ಮತ್ತು ಮೊಸರನ್ನದ ಡಬ್ಬಿಗಳು ಮೇ ತಿಂಗಳ ಸೆಕೆಯಲ್ಲಿ ಒಂದೂವರೆ ಗಂಟೆಯ ಊಟಕ್ಕಾಗಿ ಕಾಯುತ್ತಿರುತ್ತವೆ. ಸರಿಯಾಗಿ ಅಪಾಯದ ವಲಯದಲ್ಲಿ. ಊಟ, ಗ್ರೂಪ್ ಫೋಟೊ, ವಂದನಾರ್ಪಣೆ. ಸರ್ಟಿಫಿಕೇಟಿನ ಆಯುಸ್ಸು ಎರಡು ವರ್ಷ. ಮೊಸರನ್ನದ್ದು ಅಷ್ಟಿರಲಿಕ್ಕಿಲ್ಲ.

ಸರ್ಟಿಫಿಕೇಟು ಮನೆಗೆ ಬಂದ ಮೇಲೆ ಫ್ರೇಮಾಗುತ್ತದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಲಕ್ಷ್ಮಿ, ಹೊರನಾಡು ಅನ್ನಪೂರ್ಣೇಶ್ವರಿ, ಗಂಧದ ಹಾರ ಹಾಕಿದ ಹೋಟೆಲಿನ ಸಂಸ್ಥಾಪಕರು, ಅವರ ಪಕ್ಕದಲ್ಲಿ ಭಾವಮೈದ. ಬೆಳಗ್ಗೆ ಐದೂವರೆಗೆ ಊದುಬತ್ತಿ ಹಿಡಿದು ಬರುವ ಹುಡುಗ ತಾರತಮ್ಯ ಮಾಡುವುದಿಲ್ಲ, ಸಾಲಾಗಿ ಎಲ್ಲರಿಗೂ ಬೆಳಗುತ್ತಾನೆ.

ಆ ಗೋಡೆಯಿಂದ ಹನ್ನೆರಡು ಹೆಜ್ಜೆ ಒಳಗೆ ಹೋದರೆ ಸರ್ಟಿಫಿಕೇಟು ಇಲ್ಲದವರ ಲೋಕ. ಮೊದಲು ಆ ಬಟ್ಟೆಯನ್ನು ನೋಡಿ. ಮೂಲದಲ್ಲಿ ಅದು ಯಾರದೋ ಪಂಚೆಯ ಅಂಚಾಗಿದ್ದಿರಬೇಕು. ಈಗಿನ ಬಣ್ಣಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಅದು ಟೇಬಲ್ ಒರೆಸುತ್ತದೆ, ಅದೇ ಉಸಿರಿನಲ್ಲಿ ಒದ್ದೆ ತಟ್ಟೆ ಒರೆಸುತ್ತದೆ, ಚೆಲ್ಲಿದ ಸಾಂಬಾರು ಒರೆಸುತ್ತದೆ, ಬಿಡುವಾದಾಗ ಹುಡುಗನ ಹೆಗಲೇರಿ ಅವನ ಕತ್ತಿನ ಬೆವರು ಒರೆಸುತ್ತದೆ. ಮಧ್ಯಾಹ್ನ ಮೂರಕ್ಕೆ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ಹಿಂಡಿದರೆ ಅದಕ್ಕೂ ರಿನ್ಯೂವಲ್ ಆಯಿತು. ಪ್ರತಿ 25 ಟೇಬಲ್ಲಿಗೆ ಒಂದು ಬಟ್ಟೆ ಎಂಬುದು ಎಲ್ಲೂ ಬರೆದಿಲ್ಲ, ಆದರೆ ನಿಷ್ಠೆಯಿಂದ ಪಾಲನೆಯಾಗುತ್ತಿರುವ ಅನುಪಾತ ಅದೊಂದೇ.

ಆಮೇಲೆ ಚಮಚಗಳ ಬಿಸಿನೀರಿನ ಡಬ್ಬ. ಬೆಂಗಳೂರಿನ ನಿಂತು ತಿನ್ನುವ ಹೋಟೆಲುಗಳಲ್ಲೆಲ್ಲ ಕೌಂಟರಿನ ಮೇಲೆ ಅದಿರುತ್ತದೆ. ಬೆಳಗ್ಗೆ ಆರಕ್ಕೆ ಹೊಗೆಯಾಡುವ ನೀರು, ಎಂಟಕ್ಕೆ ಉಗುರುಬೆಚ್ಚಗೆ, ಹತ್ತಕ್ಕೆ ಒಳ್ಳೆಯ ರಸಂ. ನಾವೆಲ್ಲ ಅದರೊಳಗೆ ಎರಡು ಬೆರಳು ಇಳಿಸಿ, ತಳದ ಕರಿಬೇವಿನ ಎಸಳನ್ನು ಆಚೀಚೆ ಸರಿಸಿ, ಚಮಚ ಎತ್ತಿ, ಎರಡು ಸಲ ಝಾಡಿಸಿ, ಶುದ್ಧವಾಯಿತೆಂಬ ತೃಪ್ತಿಯಿಂದ ಖಾರಾಬಾತಿಗೆ ಚುಚ್ಚುತ್ತೇವೆ. ಅಷ್ಟು ಜನರ ಬೆರಳು ಮುಳುಗಿದ ನೀರನ್ನು ನಂಬುವ ನಾವೇ ಮನೆಯಲ್ಲಿ ಕುಡಿಯುವ ನೀರಿಗೆ ಆರ್‌ಓ, ಯುವಿ ಎಂದು ಹದಿನೈದು ಸಾವಿರದ ಯಂತ್ರ ಹಾಕಿಸಿದ್ದೇವೆ.

ಇನ್ನು ದೋಸೆ ಕಾವಲಿಯ ಪೊರಕೆ. ನೀರು ಚಿಮುಕಿಸಿ, ಸುಂಯ್ ಎಂದು ಹಬೆ ಎದ್ದಾಗ ಕಡ್ಡಿ ಪೊರಕೆಯಿಂದ ಎರಡು ಬೀಸು. ಅದರ ಮೇಲೆಯೇ ಹಿಟ್ಟು. ನೋಡಲು ಬಲು ಚೆಂದ. ಆ ಪೊರಕೆಯನ್ನು ರಾತ್ರಿ ಎಲ್ಲಿ ಇಡುತ್ತಾರೆ ಎಂದು ಒಮ್ಮೆ ಭಟ್ಟರನ್ನು ಕೇಳಿದೆ. "ಎಂತ ಮಾರಾಯ್ರೆ, ದೋಸೆ ತಿನ್ಲಿಕ್ಕೆ ಬಂದದ್ದಾ, ಪೊರಕೆ ತಿನ್ಲಿಕ್ಕೆ ಬಂದದ್ದಾ?" ಎಂದರು. ಬಿಸಿಗೆ ಎಲ್ಲ ಸಾಯುತ್ತದೆ ಎಂಬುದು ಅವರ ಸಿದ್ಧಾಂತ. ಕಾವಲಿಯ ಮಟ್ಟಿಗೆ ಅವರು ಹೇಳಿದ್ದು ಸರಿ ಎಂದೇ ತೋರುತ್ತದೆ. ನನ್ನ ಅನುಮಾನ ಚಟ್ನಿಯ ಮೇಲೆ.

ಹಾಗಂತ ಕಾನೂನು ಸರಿಯಿಲ್ಲವೆಂದು ತಿಳಿಯಬೇಡಿ. 2006ರ ಆಹಾರ ಸುರಕ್ಷತೆ ಕಾಯ್ದೆ, ಅದರಡಿ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳು, ಆ ನಿಯಮಗಳ ನಾಲ್ಕನೇ ಅನುಸೂಚಿ, ಇವನ್ನು ಕೂತು ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಉಗುರು ಕತ್ತರಿಸಿರಬೇಕು, ತಲೆ ಮುಚ್ಚಿರಬೇಕು, ಉಂಗುರ ಬಳೆ ಗಡಿಯಾರ ಬೇಡ, ಉಗುಳಬಾರದು, ಅಗಿಯಬಾರದು. ಕೆಲಸದವರಿಗೆ ಸಾಕಷ್ಟು ಶೌಚಾಲಯ, ಅಲ್ಲಿ ಸೋಪು, ನೀರು. ಕೈಯಲ್ಲಿ ಗಾಯವಿದ್ದವನು, ಕಾಯಿಲೆ ಬಿದ್ದವನು ಆಹಾರ ಮುಟ್ಟಬಾರದು. ಇದನ್ನು ಬರೆದವರು ನಿಜಕ್ಕೂ ಅಡುಗೆಮನೆ ಬಲ್ಲವರು. ಆದರೆ ಇದೆಲ್ಲ ಜಾರಿಗೆ ಬರಬೇಕಾದರೆ ನಲ್ಲಿ, ಸೋಪು, ಶೌಚಾಲಯ, ರಜೆ ಬೇಕು. ಸರ್ಟಿಫಿಕೇಟಿಗೆ ಗೋಡೆಯಲ್ಲಿ ಒಂದು ಮೊಳೆ ಸಾಕು.

ಕೈಗವಸಿನ ವಿಷಯ ಬಂದರೆ ನಮ್ಮ ಪ್ರಗತಿ ಎದ್ದು ಕಾಣುತ್ತದೆ. ಕೋವಿಡ್ ಬಂದುಹೋದ ಮೇಲೆ ಚಾಟ್ಸ್ ಗಾಡಿಯವರು ತೆಳು ಪ್ಲಾಸ್ಟಿಕ್ಕಿನ ಗವಸು ಹಾಕಿಕೊಳ್ಳುತ್ತಾರೆ. ಗವಸು ತೊಟ್ಟ ಕೈಯಲ್ಲಿ ಪೂರಿ ಒಡೆಯುತ್ತಾರೆ, ಅದೇ ಕೈಯಲ್ಲಿ ಸ್ಟೌ ತಿರುಗಿಸುತ್ತಾರೆ, ಹಣೆ ಒರೆಸಿಕೊಳ್ಳುತ್ತಾರೆ, ಐನೂರರ ನೋಟು ತೆಗೆದುಕೊಂಡು ಚಿಲ್ಲರೆ ಎಣಿಸಿ ಕೊಡುತ್ತಾರೆ, ಮತ್ತೆ ಪೂರಿಗೆ ಕೈ ಹಾಕುತ್ತಾರೆ. ರಾತ್ರಿ ಗವಸು ಬಿಚ್ಚಿದರೆ ಒಳಗಿನ ಕೈ ಮಾತ್ರ ಶುಭ್ರ. ಗಿರಾಕಿಯಿಂದ ತನ್ನ ಕೈಯನ್ನು ಕಾಪಾಡಿಕೊಳ್ಳುವ ಈ ವಿಧಾನ ಅವನ ಮಟ್ಟಿಗೆ ತಪ್ಪೇನೂ ಅಲ್ಲ.

ಈ ನೋಟಿನ ಪಿಡುಗನ್ನು ಬಿಡಿಸಿದ್ದು ಯಾವ ತರಬೇತಿಯೂ ಅಲ್ಲ, ಕ್ಯೂಆರ್ ಕೋಡ್. ಗಿರಾಕಿ ಮೊಬೈಲ್ ತೋರಿಸಿದ, ಡಬ್ಬಿ ಕೂಗಿತು, ಯಾರೂ ಯಾರ ಕೈಯನ್ನೂ ಮುಟ್ಟಲಿಲ್ಲ. ಕಾಯ್ದೆ, ಅನುಸೂಚಿ, ಸ್ಲೈಡು ಎಲ್ಲ ಸೇರಿ ಮಾಡಲಾಗದ್ದನ್ನು ಒಂದು ಸ್ಟಿಕ್ಕರ್ ಮಾಡಿತ್ತು. ಅಷ್ಟರಲ್ಲಿ 2025ರ ಜುಲೈ ಬಂತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದ್ದೇ ತಡ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡುಗಳು ರಾತ್ರೋರಾತ್ರಿ ಇಳಿದು "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡುಗಳು ಏರಿದವು. ನೋಟು ಮತ್ತೆ ಗವಸಿಗೆ ಬಂತು, ಗವಸಿನಿಂದ ಪೂರಿಗೆ. ಆಹಾರ ಸುರಕ್ಷತಾ ಇಲಾಖೆಯವರು ತೆರಿಗೆ ಇಲಾಖೆಗೆ ಒಂದು ನೋಟಿಸು ಕೊಡಬಹುದಿತ್ತು.

ಲೈಸೆನ್ಸಿನದು ಇನ್ನೊಂದು ಸೊಗಸು. ಪ್ರತಿ ಹೋಟೆಲಿಗೂ 14 ಅಂಕಿಗಳ ಸಂಖ್ಯೆ. 2022ರ ಜನವರಿಯಿಂದ ಅದನ್ನು ಬಿಲ್ಲಿನ ಮೇಲೂ ಮುದ್ರಿಸಬೇಕು. ಮೊದಲ ಅಂಕಿ ನೋಡಿದರೆ ಲೈಸೆನ್ಸೋ ಬರೀ ನೋಂದಣಿಯೋ ತಿಳಿಯುತ್ತದೆ, ಮುಂದಿನ ಎರಡರಲ್ಲಿ ರಾಜ್ಯ, ಅದರ ಮುಂದಿನ ಎರಡರಲ್ಲಿ ವರ್ಷ. ಇಷ್ಟೆಲ್ಲ ಹೇಳುವ ಸಂಖ್ಯೆ ಚಟ್ನಿ ಎಷ್ಟು ಗಂಟೆಗೆ ರುಬ್ಬಿದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ. ತಿಂದಾದ ಮೇಲೆ ಕೈಗೆ ಬರುವ ಬಿಲ್ಲಿನಲ್ಲಿ ಅದನ್ನು ಮುದ್ರಿಸುವ ಆಲೋಚನೆಯೂ ಮೆಚ್ಚತಕ್ಕದ್ದೇ. ಹೊಟ್ಟೆ ಕೆಟ್ಟಾಗ ಯಾರ ಮೇಲೆ ದೂರು ಕೊಡಬೇಕೆಂಬುದನ್ನು ಕೈ ಒರೆಸಿಕೊಳ್ಳುವ ಕಾಗದದ ಮೇಲೆಯೇ ಬರೆದುಕೊಟ್ಟಂತಾಯಿತು. ಇದರ ಜೊತೆಗೆ ಶುಚಿತ್ವದ ರೇಟಿಂಗು ಬೇರೆ ಇದೆ. ನಕ್ಷತ್ರಗಳಲ್ಲ, ನಗುವ ಮುಖಗಳು, ಐದರವರೆಗೆ. ಬೇಕೆಂದವರು ಮಾಡಿಸಿಕೊಳ್ಳುತ್ತಾರೆ. ನಗು ಬಾರದವರು ಅರ್ಜಿ ಹಾಕುವುದಿಲ್ಲ.

ಸರ್ಟಿಫಿಕೇಟುಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು ಕೆಲಸದವರ ವೈದ್ಯಕೀಯ ಅರ್ಹತಾ ಪತ್ರ. ಆಹಾರ ಮುಟ್ಟುವ ಪ್ರತಿಯೊಬ್ಬನನ್ನೂ ವರ್ಷಕ್ಕೊಮ್ಮೆ ನೋಂದಾಯಿತ ವೈದ್ಯರು ಪರೀಕ್ಷಿಸಬೇಕು. ಮೈಕಟ್ಟು, ಕಣ್ಣು, ಚರ್ಮ, ಟೈಫಾಯಿಡ್ ಜಾತಿಯ ಕಾಯಿಲೆಗಳಿಗೆ ಲಸಿಕೆ. ಅಗತ್ಯ ಕಂಡರೆ ಸಾಂಕ್ರಾಮಿಕ ರೋಗಗಳ ಪರೀಕ್ಷೆ. ಇಲ್ಲಿ ಒಬ್ಬನಲ್ಲ, ಎಲ್ಲರೂ ಬೇಕು. ಹಾಗಾದರೆ ಎಲ್ಲರೂ ಕ್ಲಿನಿಕ್ಕಿನ ಮುಂದೆ ಸಾಲು ನಿಂತರೆ ತಿಂಡಿ ಯಾರು ಕೊಡುತ್ತಾರೆ? ಅದಕ್ಕೆ ಆಧಾರ್ ಕಾರ್ಡಿನ ಜೆರಾಕ್ಸುಗಳು ಒಂದು ಕವರಿನಲ್ಲಿ ಹೋಗುತ್ತವೆ, ಆರೋಗ್ಯವಂತರ ಪತ್ರಗಳು ಅದೇ ಕವರಿನಲ್ಲಿ ಸಂಜೆ ವಾಪಸು ಬರುತ್ತವೆ. ಅಂಥದ್ದೊಂದು ಫೈಲು ನೋಡುವ ಭಾಗ್ಯ ನನ್ನದಾಗಿತ್ತು. ಇಪ್ಪತ್ತಾರು ಮಂದಿಯ ಬಿಪಿಯೂ 120/80. ಎಲ್ಲರ ದೃಷ್ಟಿಯೂ ನಿರ್ದುಷ್ಟ. ಅವರಲ್ಲಿ ಒಬ್ಬ ದೀಪಾವಳಿಗೆ ಒಡಿಶಾದ ಊರಿಗೆ ಹೋದವನು ವಾಪಸು ಬಂದೇ ಇರಲಿಲ್ಲ. ಅವನ ಚರ್ಮದಲ್ಲೂ ಯಾವ ದೋಷವಿರಲಿಲ್ಲ. ಇಷ್ಟು ಆರೋಗ್ಯವಂತ ಜನಸಮುದಾಯ ಸೈನ್ಯದಲ್ಲೂ ಸಿಗುವುದು ಕಷ್ಟ.

ಒಂದು ಕ್ಷಣ ನ್ಯೂಯಾರ್ಕಿಗೆ ಹೋಗಿಬರೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಶ್ರೀಮಂತರ ಮನೆಗಳಲ್ಲಿ ಮೇರಿ ಮ್ಯಾಲನ್ ಎಂಬ ಐರಿಷ್ ಹೆಂಗಸು ಅಡುಗೆ ಮಾಡಿಕೊಂಡಿದ್ದಳು. ಗಟ್ಟಿಮುಟ್ಟು ಆಳು, ಒಳ್ಳೆಯ ಕೈರುಚಿ. ಅವಳು ಕೆಲಸ ಮಾಡಿದ ಬಹುತೇಕ ಮನೆಗಳಲ್ಲಿ ಟೈಫಾಯಿಡ್. ಅವಳಿಗೆ ಮಾತ್ರ ಒಂದು ದಿನವೂ ಜ್ವರವಿಲ್ಲ. ರೋಗಾಣು ಒಳಗಿದ್ದೂ ರೋಗ ಕಾಣದ ವಾಹಕಿ ಅವಳು. 1907ರಲ್ಲಿ ಹಿಡಿದು ದ್ವೀಪವೊಂದರ ಆಸ್ಪತ್ರೆಯಲ್ಲಿ ಇರಿಸಿದರು. 1910ರಲ್ಲಿ, ಇನ್ನು ಅಡುಗೆ ಕೆಲಸಕ್ಕೆ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡು ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಒಗೆಯುವುದಕ್ಕೆ ಸಿಗುತ್ತಿದ್ದ ಸಂಬಳ ಅಡುಗೆಯದಕ್ಕಿಂತ ಕಡಿಮೆ. ಕೊನೆಗೆ ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದಳು, ಅದೂ ಹೆರಿಗೆ ಆಸ್ಪತ್ರೆಯೊಂದರಲ್ಲಿ. 1915ರಲ್ಲಿ ಮತ್ತೆ ಸಿಕ್ಕಿಬಿದ್ದು, 1938ರಲ್ಲಿ ಸಾಯುವವರೆಗೆ ಅದೇ ದ್ವೀಪದಲ್ಲಿ ಉಳಿದಳು.

ನಮ್ಮ ಅರ್ಹತಾ ಪತ್ರದ ಮುಂದೆ ಮೇರಿಯನ್ನು ನಿಲ್ಲಿಸಿ. ಮೈಕಟ್ಟು ಉತ್ತಮ. ಕಣ್ಣು ಸರಿ. ಚರ್ಮ ಸ್ವಚ್ಛ. ಮುಂದಿನ ಪರೀಕ್ಷೆಯ ಅಗತ್ಯ ಡಾಕ್ಟರಿಗೆ ಕಾಣಬೇಕು, ಎದುರಿಗಿರುವುದು ಜೆರಾಕ್ಸು, ಕಾಣುವುದಿಲ್ಲ. ಪಾಸು.

ಮೇರಿಯ ಕಥೆಯಲ್ಲಿ ರೋಗಾಣುವಿಗಿಂತ ಅಪಾಯಕಾರಿಯಾದದ್ದು ಸಂಬಳದ ಆ ವ್ಯತ್ಯಾಸ. ಅದನ್ನು ಮಾತ್ರ ಯಾವ ಸ್ಲೈಡಿನಲ್ಲೂ ಹಾಕುವುದಿಲ್ಲ. ಭೇದಿ ಹತ್ತಿದವನು ಅಡುಗೆಮನೆಗೆ ಬರಬಾರದು ಎಂದು ಅನುಸೂಚಿ ಹೇಳುತ್ತದೆ. ಬಾರದಿದ್ದರೆ ಆ ದಿನದ ಕೂಲಿ ಕಟ್ ಎಂದು ಮಾಲೀಕರು ಹೇಳುತ್ತಾರೆ. ಎರಡನ್ನೂ ಕೇಳಿಸಿಕೊಂಡ ಹುಡುಗ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ನುಂಗಿ, ಹಿಟ್ಟಿನ ಕೊಳಗಕ್ಕೆ ಕೈ ಹಾಕುತ್ತಾನೆ. ಅವನು ಮಲಗುವುದೂ ಹೋಟೆಲಿನ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ, ಹದಿನೆಂಟು ಮಂದಿಯೊಂದಿಗೆ, ಒಂದೇ ಶೌಚಾಲಯ. ಅಲ್ಲಿ ಸೋಪು ಇದೆಯೇ ಎಂದು ಯಾವ ಸಾಹೇಬರೂ ಮೆಟ್ಟಿಲು ಹತ್ತಿ ನೋಡಿದ್ದು ನನಗೆ ಗೊತ್ತಿಲ್ಲ. ಸೋಪಿನ ಬಗ್ಗೆ ಭಾವಮೈದನಿಗೆ ಸರ್ಟಿಫಿಕೇಟಿದೆಯಲ್ಲ.

ಕೈ ತೊಳೆಯುವ ವಿಧಾನದ ಚಿತ್ರಪಟವೂ ಸಿಂಕಿನ ಮೇಲೆ ಅಂಟಿದೆ ಎನ್ನಿ. ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಅದರ ಕೆಳಗೆ ನಿಂತು ತಟ್ಟೆ ತೊಳೆಯುವವನಿಗೆ ಬರುವುದು ಒಡಿಯಾ, ಅದೂ ಮಾತಾಡಲು. ಚಿತ್ರದಲ್ಲಿರುವ ಸೋಪಿನ ಗುರುತು ಅವನಿಗೆ ಸಿಕ್ಕಿದೆ. ವಸ್ತು ಸಿಕ್ಕಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎಂದರೆ ಅನ್ಯಾಯವಾದೀತು. 2024ರ ಮಾರ್ಚಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಘೋಷಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು, 25 ಬಾಂಬೆ ಮಿಠಾಯಿಗಳಲ್ಲಿ 15ರಲ್ಲಿ. ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣದ ಹೆಸರು ಒಂದೇ ದಿನದಲ್ಲಿ ಮನೆಮಾತಾಯಿತು. ತಮಾಷೆಯೆಂದರೆ ಅದನ್ನು ಆಹಾರಕ್ಕೆ ಹಾಕಲು ಈ ದೇಶದ ಕಾನೂನಿನಲ್ಲಿ ಮೊದಲೂ ಅವಕಾಶವಿರಲಿಲ್ಲ. ನಿಷಿದ್ಧವಾದದ್ದನ್ನೇ ಮತ್ತೊಮ್ಮೆ ನಿಷೇಧಿಸಿದ್ದಾಯಿತು. ಮೊದಲ ನಿಷೇಧಕ್ಕೆ ಪತ್ರಿಕಾಗೋಷ್ಠಿ ಆಗಿರಲಿಲ್ಲ, ಅದೊಂದು ಕೊರತೆ ಇತ್ತು. ಜೂನ್‌ನಲ್ಲಿ ಕಬಾಬಿನ ಸರದಿ. ಆಮೇಲೆ ಕೆಲವು ದಿನ ಗಾಡಿಗಳಲ್ಲಿ ಬೂದಿಬಣ್ಣದ ಗೋಬಿ ಬಂತು. ತಿನ್ನುವವರು ಮುಖ ಸಿಂಡರಿಸಿದರು. "ಏನಣ್ಣ, ಕಲರೇ ಇಲ್ಲ?" ಎಂದು ಕೇಳಿದ ಹುಡುಗನ ಕೈಯಲ್ಲಿದ್ದ ಮೊಬೈಲಿನಲ್ಲೇ ನಿಷೇಧದ ಸುದ್ದಿಯೂ ಇದ್ದಿರಬೇಕು. ಮುಂದಿನ ತಿಂಗಳ ಹೊತ್ತಿಗೆ ಗೋಬಿಗೆ ಮತ್ತೆ ರಕ್ತ ಬಂತು. ಬೀಟ್‌ರೂಟ್ ಎನ್ನುತ್ತಾರೆ. ಇರಬಹುದು.

2025ರ ಫೆಬ್ರುವರಿಯಲ್ಲಿ ಇಡ್ಲಿ. ಇನ್ನೂರೈವತ್ತರಷ್ಟು ಹೋಟೆಲುಗಳನ್ನು ನೋಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯುತ್ತಿತ್ತು. ಅದಕ್ಕೂ ನಿಷೇಧ ಬಂತು. ಬರಲೇಬೇಕಿತ್ತು, ಅದರಲ್ಲಿ ನಗುವಂಥದ್ದೇನಿಲ್ಲ. ಆದರೆ ಪ್ಲಾಸ್ಟಿಕ್ ಏಕೆ ಬಂತೆಂದು ಯಾರಾದರೂ ಕೇಳಿದರೆ? ಬಟ್ಟೆಯಾದರೆ ಪ್ರತಿ ಈಡಿಗೂ ಒಗೆಯಬೇಕು, ಒಗೆಯಲು ಒಬ್ಬ ಆಳು ಬೇಕು. ಪ್ಲಾಸ್ಟಿಕ್ ಹಾಳೆ ಕಿತ್ತು ಎಸೆದರಾಯಿತು. ಮೇಲಾಗಿ ಅದು ಹೊಳೆಯುತ್ತದೆ. ಹೊಳೆಯುವುದೆಲ್ಲ ಸ್ವಚ್ಛ ಎಂದು ನಂಬಿ, ತಳ್ಳುಗಾಡಿಯ ತಟ್ಟೆಗೂ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೊಡಿ ಎಂದು ಕೇಳಿ ಪಡೆದವರು ನಾವೇ. ತಟ್ಟೆ ತೊಳೆಯುವ ನೀರು ನೋಡಿದವರು ಹಾಗೆ ಕೇಳದೆ ಇನ್ನೇನು ಮಾಡಿಯಾರು ಎಂಬುದೂ ಸರಿಯೇ.

ಹೊರದೇಶದಲ್ಲಿ ಇದೆಲ್ಲ ಹೇಗೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಮಸಾಲೆ ದೋಸೆ ಹುಯ್ಯುವ ನಮ್ಮವನೂ ಕೆಲಸಕ್ಕೆ ಸೇರಿದ 30 ದಿನಗಳೊಳಗೆ ಪರೀಕ್ಷೆ ಬರೆದು ಫುಡ್ ಹ್ಯಾಂಡ್ಲರ್ ಕಾರ್ಡ್ ಪಡೆಯಬೇಕು. ಇಪ್ಪತ್ತೈದಕ್ಕೊಬ್ಬನಲ್ಲ, ಆಹಾರ ಮುಟ್ಟುವ ಪ್ರತಿಯೊಬ್ಬ. ಇದರ ಮೇಲೆ ಸರ್ಟಿಫಿಕೇಟು ಪಡೆದ ಮ್ಯಾನೇಜರ್ ಬೇರೆ. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ ಅಲ್ಲವೇ? ಆದರೆ ಬಹುಪಾಲು ಕೆಲಸಗಾರರು ತೆಗೆದುಕೊಳ್ಳುತ್ತಿದ್ದ ಸರ್ವ್‌ಸೇಫ್ ಎಂಬ ತರಬೇತಿಯನ್ನು ನಡೆಸುವುದು ಅಲ್ಲಿನ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ, ಅಂದರೆ ಮಾಲೀಕರ ಸಂಘ. ಪಾತ್ರೆ ತೊಳೆಯುವವನು ಸುಮಾರು 15 ಡಾಲರ್ ಕಟ್ಟಿ ಕೈ ತೊಳೆಯುವುದನ್ನು ಕಲಿಯುತ್ತಿದ್ದ. ಆ ಹಣ ಸಂಘಕ್ಕೆ ಹೋಗುತ್ತಿತ್ತು, ಸಂಘವೋ ಅದೇ ಪಾತ್ರೆ ತೊಳೆಯುವವನ ಕನಿಷ್ಠ ವೇತನ ಏರದಂತೆ ಸರ್ಕಾರಗಳ ಮುಂದೆ ಲಾಬಿ ಮಾಡುತ್ತಿತ್ತು. 2023ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. ತನ್ನ ಸಂಬಳ ಏರದಿರಲಿ ಎಂದು ತಾನೇ ಫೀಸು ಕಟ್ಟುವ ಈ ಏರ್ಪಾಡಿನ ಮುಂದೆ ನಮ್ಮ ಭಾವಮೈದ ಶುದ್ಧ ಸಾತ್ವಿಕ. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಫೀಸನ್ನೂ ತರಬೇತಿಯ ಹೊತ್ತಿನ ಸಂಬಳವನ್ನೂ ಮಾಲೀಕನೇ ಕೊಡಬೇಕೆಂಬ ಕಾನೂನಾಗಿದೆ. ಹಳೆಯ ಉಪಾಯವನ್ನು ಇಲ್ಲಿ ಯಾರಿಗೂ ಹೇಳಬೇಡಿ. ಹೊಸ ಕಾನೂನನ್ನು ಹೇಳಿದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಸರ್ಟಿಫಿಕೇಟು ಎಂಬುದು ಹುಟ್ಟುವ ಮೊದಲೇ ಬೆಂಗಳೂರಿನಲ್ಲಿ ಇದಕ್ಕೊಂದು ಉತ್ತರವಿತ್ತು. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದು, ಅಲ್ಲಿ ಕಂಡ ಶಿಸ್ತನ್ನು ತಮ್ಮ ಹೋಟೆಲಿಗೆ ತಂದರು. ಪಾತ್ರೆ ಲೋಟಗಳಿಗೆ ಹಬೆ ಹಾಯಿಸಿದರು. ಗಿರಾಕಿಗಳು ಅಡುಗೆಮನೆ ದಾಟಿಯೇ ಊಟದ ಕೋಣೆಗೆ ಹೋಗಬೇಕಿತ್ತು. ಬರುವವನೆಲ್ಲ ಇನ್‌ಸ್ಪೆಕ್ಟರ್, ಕಣ್ಣೇ ಸರ್ಟಿಫಿಕೇಟು. ಇವತ್ತು ಯಾವುದಾದರೂ ಹೋಟೆಲಿನಲ್ಲಿ ಅಡುಗೆಮನೆ ಕಡೆ ಹೆಜ್ಜೆ ಇಟ್ಟು ನೋಡಿ. "ಸಾರ್, ಅಲ್ಲಿ ಹೋಗಂಗಿಲ್ಲ, ವಾಶ್‌ರೂಮ್ ಈ ಕಡೆ" ಎಂದು ನಾಲ್ಕು ಕೈ ಅಡ್ಡ ಬರುತ್ತವೆ. ಗಿರಾಕಿ ಅಡುಗೆಮನೆ ನೋಡಬಾರದು, ಗೋಡೆ ನೋಡಬೇಕು. ಗೋಡೆ ಅಚ್ಚುಕಟ್ಟಾಗಿದೆ.

ಮೊನ್ನೆ ಅಂಥದೇ ಗೋಡೆಯ ಕೆಳಗೆ ಕಾಫಿಗೆ ನಿಂತಿದ್ದಾಗ ಸಾಹೇಬರ ಭೇಟಿ ನೋಡುವ ಯೋಗ ಬಂತು. ಅವರು ಬರುವ ವಿಷಯ ಹಿಂದಿನ ಸಂಜೆಯೇ ತಿಳಿದಿದ್ದಂತಿತ್ತು, ಏಕೆಂದರೆ ಎಲ್ಲರ ತಲೆಯ ಮೇಲೂ ಮಡಿಕೆ ಬಿಚ್ಚಿದ ಗುರುತಿರುವ ಹೊಸ ಟೋಪಿ. ಆ ಬಟ್ಟೆ ಎಲ್ಲೂ ಕಾಣಲಿಲ್ಲ, ರಜೆಯ ಮೇಲಿದ್ದಿರಬೇಕು. ಆ ಹೋಟೆಲಿನಲ್ಲಿ ರಜೆ ಸಿಕ್ಕುವುದು ಅದಕ್ಕೊಂದೇ. ಸಾಹೇಬರು ಲೈಸೆನ್ಸು ಕೇಳಿದರು, ಇತ್ತು. ನೀರಿನ ಪರೀಕ್ಷೆಯ ವರದಿ, ಇತ್ತು. ವೈದ್ಯಕೀಯ ಪತ್ರಗಳು, ಇಪ್ಪತ್ತಾರೂ ಇದ್ದವು. ಆಹಾರ ಸುರಕ್ಷತಾ ಮೇಲ್ವಿಚಾರಕ?

"ಇದಾರೆ ಸಾರ್" ಎಂದು ಮಾಲೀಕರು ಫ್ರೇಮು ತೋರಿಸಿದರು.

"ಫೋಟೊ ಅಲ್ಲ ಕಣ್ರೀ, ಮನುಷ್ಯ ಎಲ್ಲಿ?"

"ಕುಂದಾಪುರಕ್ಕೆ ಹೋಗಿದಾನೆ ಸಾರ್, ಗೃಹಪ್ರವೇಶ."

ಸಾಹೇಬರು ಕನ್ನಡಕ ಏರಿಸಿ ಫ್ರೇಮನ್ನು ಹತ್ತಿರದಿಂದ ನೋಡಿದರು. ಅವಧಿ ಮುಗಿದು ಮೂರು ತಿಂಗಳಾಗಿತ್ತು. ಕಾಯ್ದೆಯ 32ನೇ ಕಲಮಿನಲ್ಲಿ ಸುಧಾರಣಾ ನೋಟಿಸು ಕೊಡಬಹುದು, ಕೊಳಕು ಕಂಡರೆ 56ನೇ ಕಲಮಿನಲ್ಲಿ ಒಂದು ಲಕ್ಷದವರೆಗೆ ದಂಡ ಹಾಕಿಸಬಹುದು. ಅವರು ಅಡುಗೆಮನೆಯ ಬಾಗಿಲ ತನಕ ನಡೆದರು, ಒಳಗಿನ ಸೆಕೆ ಮುಖಕ್ಕೆ ಹೊಡೆದದ್ದೇ ಹಿಂದಕ್ಕೆ ಬಂದರು. "ಟೋಪಿಯೆಲ್ಲ ಹಾಕಿದಾರೆ, ಗುಡ್. ಆ ಸರ್ಟಿಫಿಕೇಟೊಂದು ರಿನ್ಯೂ ಮಾಡಿಸ್ಬಿಡಿ" ಎಂದು ಪುಸ್ತಕದಲ್ಲಿ ಸಹಿ ಹಾಕಿದರು. ಮಸಾಲೆ ದೋಸೆ ಬಂತು, ಕಾಫಿ ಬಂತು. ಎದ್ದು ಹೊರಡುವಾಗ ಗಲ್ಲಾದ ಪಕ್ಕದ ಸೋಂಪಿನ ಬಟ್ಟಲಿಗೆ ಕೈ ಹಾಕಿದರು. ಬಟ್ಟಲಿನಲ್ಲಿ ಚಮಚ ಇತ್ತು. ಅದನ್ನು ಬದಿಗೆ ಸರಿಸಿ, ಮೂರು ಬೆರಳಿನಲ್ಲಿ ಒಂದಿಷ್ಟು ಎತ್ತಿ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬಟ್ಟಲಿಗೇ ಉದುರಿಸಿದರು. ಆಮೇಲೆ ಜೇಬಿನತ್ತ ಕೈ ಒಯ್ದು, "ಎಷ್ಟಾಯ್ತು?" ಎಂದರು.

"ಅಯ್ಯೋ, ಬಿಡಿ ಸಾರ್" ಎಂದರು ಮಾಲೀಕರು. "ನಿಮಗೆಂಥ ಬಿಲ್ಲು!"